ಗಿಟಾರ್ ಮಾರಿದ ಹುಡುಗನ ಪರವಾಗಿ, ರಾಕ್‌ಗೆ ಜಾತಿ ಇಲ್ಲ ಅನ್ನುವವರಿಗೆ



ಪೋಸ್ಟ್ ಉದ್ದ ಇದೆ. ಬಸ್ಸಲ್ಲಿದ್ದರೆ ಇಳಿದ ಮೇಲೆ ಓದಿ, ಆದರೆ ಪೂರ್ತಿ ಓದಿ. ಅರ್ಧ ಓದಿ ಕಾಮೆಂಟಲ್ಲಿ ಜಗಳಕ್ಕೆ ಬರಬೇಡಿ.

ಮೊನ್ನೆ ಕೆಜಿಎಫ್‌ನಿಂದ ಒಬ್ಬ ಹುಡುಗ ಫೋನ್ ಮಾಡಿದ್ದ. 22 ವರ್ಷ. ತಾತ ಚಿನ್ನದ ಗಣಿಯೊಳಗೆ ಇಳಿದು ದುಡಿದವರು. 2001ರಲ್ಲಿ ಗಣಿ ಮುಚ್ಚಿತು. ಆಮೇಲೆ ಆ ಊರಿನ ಸಾವಿರಾರು ಜನರ ಹಾಗೆ ಇವನ ಅಪ್ಪನೂ ಬೆಳಗಿನ ಜಾವ ರೈಲು ಹತ್ತಿ ಬೆಂಗಳೂರಿಗೆ ಕೆಲಸಕ್ಕೆ ಬಂದು ರಾತ್ರಿ ಮನೆ ಸೇರುವ ಬದುಕಿಗೆ ಬಿದ್ದರು. ಹುಡುಗ ಚರ್ಚಿನಲ್ಲಿ ಗಿಟಾರ್ ಕಲಿತ. ಅವನು ಗಿಟಾರ್ ಹಿಡಿದರೆ, ನಿಮಗೆ ರಾಕ್ ಗೊತ್ತಿರಲಿ ಗೊತ್ತಿಲ್ಲದಿರಲಿ, ಕಾಲು ಸುಮ್ಮನಿರಲ್ಲ. ಅವನ ಜೊತೆ ಇನ್ನಿಬ್ಬರು, ಒಬ್ಬ ಬೇಸ್, ಇನ್ನೊಬ್ಬ ತಮಟೆ. ಹೌದು, ಡ್ರಮ್ಸ್ ಜಾಗದಲ್ಲಿ ತಮಟೆ. ಬೆಂಕಿಗೆ ಕಾಯಿಸಿ ಸ್ಟೇಜಿಗೆ ತರೋದು.

ಫೋನಲ್ಲಿ ಅಂದ: "ಅಣ್ಣಾ, ಗಿಟಾರ್ ಮಾರ್ಬಿಟ್ಟೆ."

ಯಾಕಪ್ಪಾ ಅಂದೆ. ಬೆಂಗಳೂರಲ್ಲಿ ಒಂದು ಕಾಲೇಜಿನ ಬ್ಯಾಂಡ್ ಸ್ಪರ್ಧೆಗೆ ಹೋಗಿದ್ದರಂತೆ. ಗೇಟಲ್ಲಿ ತಮಟೆ ನೋಡಿದ ಸೆಕ್ಯುರಿಟಿ, "ಜಾನಪದದವರು ಹಿಂದಿನ ಗೇಟಿಂದ ಬನ್ನಿ" ಅಂದನಂತೆ. ಅದನ್ನ ನುಂಗಿಕೊಂಡು ಒಳಗೆ ಹೋಗಿ ನುಡಿಸಿದರು. ಹುಡುಗರು ಕುಣಿದರು. ಕೊನೆಗೆ ತೀರ್ಪುಗಾರರಲ್ಲಿ ಒಬ್ಬರು ಮೈಕ್ ಹಿಡಿದು, "ಎನರ್ಜಿ ಚೆನ್ನಾಗಿದೆ, ಆದರೆ ಇದು ರಾಕ್ ಅಲ್ಲ. ನೀವು ನಿಮ್ಮ ರೂಟ್ಸ್ ಕಡೆ ಹೋದರೆ ಒಳ್ಳೇದು, ಫೋಕ್ ಕ್ಯಾಟಗರಿಗೆ ಟ್ರೈ ಮಾಡಿ" ಅಂದರಂತೆ. ಸಭೆಯಲ್ಲಿ ಚಪ್ಪಾಳೆ ಬೇರೆ.

ವಾಪಸ್ ಬರುವಾಗ ರೈಲಲ್ಲಿ ಯಾರೂ ಮಾತಾಡಲಿಲ್ಲವಂತೆ. ಎರಡು ವಾರ ಬಿಟ್ಟು ಸೆಕೆಂಡ್ ಹ್ಯಾಂಡ್ ಅಂಗಡಿಗೆ ಗಿಟಾರ್ ಕೊಟ್ಟು ಬಂದ.

"ಅಣ್ಣಾ, ನಿಜ ಹೇಳಿ, ರಾಕ್ ಅಂದ್ರೆ ಅವರದೇ ಅಲ್ವಾ?" ಅಂತ ಕೇಳಿದ.

ಈ ಪೋಸ್ಟ್ ಆ ಪ್ರಶ್ನೆಗೆ ಉತ್ತರ. ಅವನೂ ಓದ್ತಾನೆ, ಹಾಗಾಗಿ ಸರಿಯಾಗಿ ಹೇಳ್ತೀನಿ.

ನಾನು ಸಂಗೀತ ಕಲಿತವನಲ್ಲ. ಡಿಗ್ರಿ ಓದುವಾಗ ಖರ್ಚಿಗೆ ಅಂತ ಸೌಂಡ್ ಸರ್ವೀಸಲ್ಲಿ ಬಾಕ್ಸ್ ಹೊರೋ ಕೆಲಸ ಮಾಡಿದವನು. ಮದುವೆ, ರಾಜಕೀಯ ಸಭೆ, ಆರ್ಕೆಸ್ಟ್ರಾ, ಕಾಲೇಜು ಫೆಸ್ಟು ಎಲ್ಲಕ್ಕೂ ಸ್ಪೀಕರ್ ಹೊತ್ತಿದ್ದೀನಿ. 2011ರಲ್ಲಿ ಅರಮನೆ ಮೈದಾನಕ್ಕೆ ಮೆಟಾಲಿಕಾ ಬಂದಾಗ ಟಿಕೆಟ್ಟಿಗೆ ದುಡ್ಡಿಲ್ಲದೆ ರಸ್ತೆಯಲ್ಲಿ ನಿಂತು ಕೇಳಿದವನು. ಸ್ಟೇಜ್ ಮೇಲೆ ಯಾರಿರ್ತಾರೆ, ಸ್ಟೇಜ್ ಕೆಳಗೆ ಯಾರಿರ್ತಾರೆ ಅನ್ನೋದು ನನಗೆ ಹೆಗಲ ಮೇಲಿನ ಕಾಯಿಯಿಂದ ಗೊತ್ತು.

ಆ ತೀರ್ಪುಗಾರರು ರಾಕ್ ಅಲ್ಲ ಅಂದರಲ್ಲ, ಅವರಿಗೆ ನಾನು ಒಬ್ಬ ಹೆಂಗಸಿನ ಕಥೆ ಹೇಳಬೇಕು.

1915ರಲ್ಲಿ ಅಮೆರಿಕದ ಅರ್ಕಾನ್ಸಾ ರಾಜ್ಯದಲ್ಲಿ ಕಾಟನ್ ಪ್ಲಾಂಟ್ ಅನ್ನೋ ಊರಲ್ಲಿ ಒಂದು ಹೆಣ್ಣುಮಗು ಹುಟ್ಟಿತು. ಊರಿನ ಹೆಸರಲ್ಲೇ ಹತ್ತಿ ಇದೆ ನೋಡಿ. ಅಪ್ಪ ಅಮ್ಮ ಹತ್ತಿ ಬಿಡಿಸುವ ಕೂಲಿಗಳು. ಅಮ್ಮ ಚರ್ಚಿನಲ್ಲಿ ಹಾಡಿ ಬೋಧಿಸುತ್ತಿದ್ದವರು, ಮ್ಯಾಂಡೊಲಿನ್ ನುಡಿಸುತ್ತಿದ್ದವರು. ಮಗು ಆರನೇ ವಯಸ್ಸಿಗೇ ಗಿಟಾರ್ ಹಿಡಿದು ಅಮ್ಮನ ಜೊತೆ ಊರೂರು ತಿರುಗಿ ಹಾಡ್ತಿತ್ತು. ಮುಂದೆ ಆಕೆಯ ಹೆಸರು ಸಿಸ್ಟರ್ ರೊಸೆಟ್ಟಾ ಥಾರ್ಪ್ ಅಂತಾಯಿತು. ಸಿಸ್ಟರ್ ಅನ್ನೋದು ಅವರ ಚರ್ಚಿನ ರೂಢಿ. ನಾನಂತೂ ರೊಸೆಟ್ಟಕ್ಕ ಅಂತೀನಿ.

1938ರಲ್ಲಿ ರೊಸೆಟ್ಟಕ್ಕ ಡೆಕ್ಕಾ ಕಂಪನಿಗೆ ಮೊದಲ ರೆಕಾರ್ಡ್ ಮಾಡಿದರು. 1944ರಲ್ಲಿ 'ಸ್ಟ್ರೇಂಜ್ ಥಿಂಗ್ಸ್ ಹ್ಯಾಪನಿಂಗ್ ಎವ್ರಿ ಡೇ' ಅನ್ನೋ ಹಾಡು ರೆಕಾರ್ಡ್ ಮಾಡಿದರು. ಅದು 1945ರಲ್ಲಿ ಬಿಲ್‌ಬೋರ್ಡ್ ಪತ್ರಿಕೆಯ ಪಟ್ಟಿಯಲ್ಲಿ 2ನೇ ಸ್ಥಾನಕ್ಕೆ ಏರಿತು. ಜಗತ್ತಿನ ಮೊದಲ ರಾಕ್ ಅಂಡ್ ರೋಲ್ ರೆಕಾರ್ಡ್ ಅದೇ ಅಂತ ಹೇಳೋ ಸಂಗೀತ ಇತಿಹಾಸಕಾರರು ಇದ್ದಾರೆ. ಎಲ್ವಿಸ್ ಪ್ರೆಸ್ಲಿಯ ಮೊದಲ ರೆಕಾರ್ಡ್ ಬಂದಿದ್ದು ಯಾವಾಗ ಗೊತ್ತಾ? 1954ರಲ್ಲಿ. ರೊಸೆಟ್ಟಕ್ಕ ಎಲೆಕ್ಟ್ರಿಕ್ ಗಿಟಾರನ್ನು ಗುಡುಗಿಸುವಾಗ ಎಲ್ವಿಸ್ ಇನ್ನೂ ಪ್ರೈಮರಿ ಸ್ಕೂಲ್ ಹುಡುಗ.

ಯಾವ ಪಟ್ಟಿಯಲ್ಲಿ 2ನೇ ಸ್ಥಾನ ಅಂದೆ? ಅದನ್ನೂ ಕೇಳಿ. ಆ ಕಾಲಕ್ಕೆ ಕಪ್ಪು ಜನರ ಹಾಡುಗಳಿಗೆ ಬೇರೆ ಪಟ್ಟಿ. ಅದರ ಹೆಸರು 'ರೇಸ್ ರೆಕಾರ್ಡ್ಸ್'. ನಮ್ಮಲ್ಲಿ ಹೋಟೆಲಿನಲ್ಲಿ ಪ್ರತ್ಯೇಕ ಲೋಟ ಇಡ್ತಿದ್ದರಲ್ಲ, ಹಾಗೆ ಅಲ್ಲಿ ಹಾಡಿಗೆ ಪ್ರತ್ಯೇಕ ಲೋಟ. 1949ರಲ್ಲಿ ಬಿಲ್‌ಬೋರ್ಡ್ ಆ ಹೆಸರನ್ನ 'ರಿದಮ್ ಅಂಡ್ ಬ್ಲೂಸ್' ಅಂತ ಬದಲಾಯಿಸಿತು. ಹೆಸರು ಬದಲಾಯಿತು, ಲೋಟ ಬೇರೆಯಾಗೇ ಉಳೀತು.

ನಿಜವಾದ ಲೋಟದ ಕಥೆಯೂ ಇದೆ. ರೊಸೆಟ್ಟಕ್ಕನ ಜೊತೆ ಜೋರ್ಡನೇರ್ಸ್ ಅನ್ನೋ ಬಿಳಿಯರ ಗಾಯಕರ ತಂಡ ಪ್ರವಾಸ ಹೋಗ್ತಿತ್ತು. ದಕ್ಷಿಣದ ರಾಜ್ಯಗಳಲ್ಲಿ ಆಕೆಗೆ ಹೋಟೆಲಲ್ಲಿ ರೂಮು ಸಿಗುತ್ತಿರಲಿಲ್ಲ, ಊಟಕ್ಕೆ ಒಳಗೆ ಬಿಡುತ್ತಿರಲಿಲ್ಲ. ಆ ಹುಡುಗರು ಒಳಗೆ ಹೋಗಿ ಊಟ ಕಟ್ಟಿಸಿಕೊಂಡು ಬಸ್ಸಿಗೆ ತಂದುಕೊಡ್ತಿದ್ದರು. ಆಕೆ ಬಸ್ಸಲ್ಲೇ ಉಂಡು ಬಸ್ಸಲ್ಲೇ ಮಲಗಿ, ಮರುದಿನ ಸ್ಟೇಜ್ ಹತ್ತುತ್ತಿದ್ದರು. ಟಿಕೆಟ್ ಮಾರಾಟವಾಗುತ್ತಿದ್ದದ್ದು ಆಕೆಯ ಹೆಸರಲ್ಲಿ. ಇದೇ ಜೋರ್ಡನೇರ್ಸ್ ಮುಂದೆ ಎಲ್ವಿಸ್ ಹಿಂದೆ ನಿಂತು ಹಾಡಿ ಜಗತ್ಪ್ರಸಿದ್ಧರಾದರು.

1947ರಲ್ಲಿ ಜಾರ್ಜಿಯಾದ ಮೇಕನ್ ಊರಲ್ಲಿ ಕಾರ್ಯಕ್ರಮಕ್ಕೆ ಮುಂಚೆ ಒಬ್ಬ 14 ವರ್ಷದ ಹುಡುಗ ಹಾಡೋದನ್ನ ಆಕೆ ಕೇಳಿಸಿಕೊಂಡರು. ಅವನನ್ನ ಸ್ಟೇಜಿಗೆ ಕರೆದು ಹಾಡಿಸಿ, ಕೈಗೆ ದುಡ್ಡೂ ಕೊಟ್ಟರು. ಆ ಹುಡುಗ ಲಿಟ್ಲ್ ರಿಚರ್ಡ್. ಗೇಟಲ್ಲಿ ನಿಂತ ಹುಡುಗನನ್ನ ಸ್ಟೇಜಿಗೆ ಕರೆಯೋದು ಅಂದರೆ ಇದು. ಈ ಮಾತು ನೆನಪಿಟ್ಟುಕೊಳ್ಳಿ, ಕೊನೆಗೆ ಮತ್ತೆ ಬರ್ತೀನಿ.

1951ರಲ್ಲಿ ವಾಷಿಂಗ್ಟನ್ನಿನ ಗ್ರಿಫಿತ್ ಸ್ಟೇಡಿಯಂನಲ್ಲಿ ಆಕೆ ತಮ್ಮ ಮದುವೆಯನ್ನೇ ಸಂಗೀತ ಕಾರ್ಯಕ್ರಮ ಮಾಡಿದರು. ಇಪ್ಪತ್ತು ಸಾವಿರದಷ್ಟು ಜನ ದುಡ್ಡು ಕೊಟ್ಟು ಬಂದಿದ್ದರು. ಸ್ಟೇಡಿಯಂನಲ್ಲಿ ರಾಕ್ ಶೋ ಅಂದರೆ ಅದು ಬಿಳಿ ಹುಡುಗರು ಅರವತ್ತರ ದಶಕದಲ್ಲಿ ಕಂಡುಹಿಡಿದದ್ದು ಅಂತ ನಂಬಿರೋರು ಇನ್ನೊಂದು ಸಲ ಇಸವಿ ನೋಡಿಕೊಳ್ಳಿ.

1964ರ ಮೇ ತಿಂಗಳಲ್ಲಿ ಇಂಗ್ಲೆಂಡಿನ ಮ್ಯಾಂಚೆಸ್ಟರಲ್ಲಿ ಬಳಕೆಯಲ್ಲಿಲ್ಲದ ಒಂದು ರೈಲು ನಿಲ್ದಾಣದಲ್ಲಿ ಟಿವಿಯವರು ಕಾರ್ಯಕ್ರಮ ಇಟ್ಟಿದ್ದರು. ಆ ವಿಡಿಯೋ ಯೂಟ್ಯೂಬಲ್ಲಿ ಸಿಗುತ್ತೆ, ದಯವಿಟ್ಟು ನೋಡಿ. ಒಂದು ಪ್ಲಾಟ್‌ಫಾರ್ಮಲ್ಲಿ ಬಿಳಿ ಹುಡುಗ ಹುಡುಗಿಯರು ಕೂತಿದ್ದಾರೆ. ಎದುರು ಪ್ಲಾಟ್‌ಫಾರ್ಮಲ್ಲಿ ಮಳೆ ನೀರು ನಿಂತಿದೆ. ಹತ್ತಿರ ಹತ್ತಿರ ಐವತ್ತು ವರ್ಷದ ಕಪ್ಪು ಹೆಂಗಸು ಉದ್ದ ಕೋಟು ಹಾಕಿಕೊಂಡು ಕುದುರೆ ಗಾಡಿಯಿಂದ ಇಳಿದು ಬರ್ತಾರೆ, ಬಿಳಿ ಬಣ್ಣದ ಎಲೆಕ್ಟ್ರಿಕ್ ಗಿಟಾರನ್ನ ಕೊರಳಿಗೆ ಹಾಕ್ಕೋತಾರೆ, ಆಮೇಲೆ ನೋಡಿ. ನಾನು ಮೊದಲ ಸಲ ನೋಡಿದ್ದು ಸೌಂಡ್ ಸರ್ವೀಸಿನ ಗೆಳೆಯನ ಫೋನಲ್ಲಿ, ಲಾರಿ ಮೇಲೆ ಕೂತು. ಇಬ್ಬರೂ ಮಾತಾಡಲಿಲ್ಲ. ಆಮೇಲೆ ಅವನು "ನಮ್ಮ ದೊಡ್ಡಮ್ಮನ ಥರ ಇದ್ದಾರೆ ಕಣೋ" ಅಂದ.

ಆದರೆ ಅದೇ ವಿಡಿಯೋದಲ್ಲಿ ಪ್ಲಾಟ್‌ಫಾರ್ಮಿನ ಅಲಂಕಾರ ನೋಡಿ. ಹತ್ತಿ ಮೂಟೆ, ಮೇಕೆ, ಕೋಳಿ. ಅಮೆರಿಕದ ದಕ್ಷಿಣದ ಹಳ್ಳಿಯ ಸೆಟ್ಟು! ಹತ್ತಿ ಬಿಡಿಸಿ ಬೆನ್ನು ಬಗ್ಗಿದವರ ಮಗಳು ಜಗತ್ತಿನ ಹೊಸ ಸಂಗೀತ ನುಡಿಸ್ತಿದ್ದರೆ, ಅವಳ ಸುತ್ತ ಹತ್ತಿ ಮೂಟೆ ಜೋಡಿಸಿ ಚಂದ ನೋಡ್ತಾರೆ. ಆ ತೀರ್ಪುಗಾರರ "ರೂಟ್ಸ್" ಅನ್ನೋ ಮಾತಿಗೂ ಈ ಹತ್ತಿ ಮೂಟೆಗೂ ಏನಾದರೂ ವ್ಯತ್ಯಾಸ ಇದೆಯಾ? ನೀನು ಎಷ್ಟೇ ದೊಡ್ಡ ಕಲಾವಿದನಾಗು, ನಿನ್ನ ಸುತ್ತ ನಿನ್ನ ಕೇರಿಯ ಸೆಟ್ಟು ಹಾಕಿದರೆ ಮಾತ್ರ ಅವರಿಗೆ ನೋಡೋಕೆ ಹಿತ.

ರೊಸೆಟ್ಟಕ್ಕ 1973ರಲ್ಲಿ ಫಿಲಡೆಲ್ಫಿಯಾದಲ್ಲಿ ತೀರಿಕೊಂಡರು. ಸಕ್ಕರೆ ಕಾಯಿಲೆಯಿಂದ ಕಾಲು ಕತ್ತರಿಸಿದ್ದರು. ಸಮಾಧಿಗೆ ಒಂದು ಹೆಸರಿನ ಕಲ್ಲೂ ಇರಲಿಲ್ಲ. ಸುಮಾರು 35 ವರ್ಷ ಆಕೆ ಹೆಸರಿಲ್ಲದ ಮಣ್ಣಿನಡಿ ಇದ್ದರು. ಅಭಿಮಾನಿಗಳು ಕಾರ್ಯಕ್ರಮ ಮಾಡಿ ದುಡ್ಡು ಕೂಡಿಸಿ ಕಲ್ಲು ಹಾಕಿಸಿದರು. 'ರಾಕ್ ಅಂಡ್ ರೋಲ್ ಹಾಲ್ ಆಫ್ ಫೇಮ್' ಅಂತ ಒಂದು ದೊಡ್ಡ ಸಂಸ್ಥೆ ಇದೆ, 1986ರಿಂದ ಸಂಗೀತಗಾರರನ್ನ ಸೇರಿಸಿಕೊಂಡು ಗೌರವಿಸುತ್ತೆ. ಮೊದಲ ವರ್ಷವೇ ಎಲ್ವಿಸ್ ಒಳಗೆ. ನ್ಯಾಯವಾಗಿ ಹೇಳಬೇಕು, ಚಕ್ ಬೆರಿ, ಲಿಟ್ಲ್ ರಿಚರ್ಡ್, ರೇ ಚಾರ್ಲ್ಸ್ ಅಂಥ ಕಪ್ಪು ದಿಗ್ಗಜರೂ ಮೊದಲ ವರ್ಷವೇ ಒಳಗೆ ಬಂದರು. ಆದರೆ ಆ ವರ್ಷ ಒಬ್ಬಳೇ ಒಬ್ಬ ಹೆಣ್ಣುಮಗಳಿಲ್ಲ. ಕಪ್ಪೂ ಆಗಿ ಹೆಣ್ಣೂ ಆಗಿ, ಎಲ್ಲರಿಗಿಂತ ಮೊದಲು ಗಿಟಾರ್ ಹಿಡಿದ ರೊಸೆಟ್ಟಕ್ಕನನ್ನ ಒಳಗೆ ಕರೆದಿದ್ದು 2018ರಲ್ಲಿ. ಲೆಕ್ಕ ಹಾಕಿ, ಸತ್ತು 45 ವರ್ಷ ಆದ ಮೇಲೆ.

ಇನ್ನೊಬ್ಬರ ಕಥೆ. ಬಿಗ್ ಮಾಮಾ ಥಾರ್ನ್‌ಟನ್. 1926ರಲ್ಲಿ ಅಲಬಾಮದಲ್ಲಿ ಹುಟ್ಟಿದವರು. ಡ್ರಮ್ಸ್, ಹಾರ್ಮೋನಿಕಾ ಎರಡನ್ನೂ ಯಾರ ಹತ್ತಿರವೂ ಪಾಠ ಇಲ್ಲದೆ ನೋಡಿ ನೋಡಿ ಕಲಿತವರು. ಗಂಡಸರ ಶರ್ಟು ಹಾಕಿಕೊಂಡು, ಯಾರಿಗೂ ಹೆದರದೆ ಸ್ಟೇಜಿನ ಮೇಲೆ ನಿಲ್ಲುತ್ತಿದ್ದರು. 1952ರಲ್ಲಿ 'ಹೌಂಡ್ ಡಾಗ್' ಹಾಡಿದರು. 1953ರಲ್ಲಿ ಅದು ಕಪ್ಪು ಜನರ ಪಟ್ಟಿಯಲ್ಲಿ 7 ವಾರ ಮೊದಲ ಸ್ಥಾನದಲ್ಲಿತ್ತು. 1956ರಲ್ಲಿ ಅದೇ ಹಾಡನ್ನ ಎಲ್ವಿಸ್ ಹಾಡಿದ. ಈಗ ಯಾರನ್ನೇ ಕೇಳಿ, ಅದು ಎಲ್ವಿಸ್ ಹಾಡು. ತನಗೆ ಆ ಹಾಡಿನಿಂದ ಒಟ್ಟು ಬಂದದ್ದು 500 ಡಾಲರ್ ಅಂತ ಬಿಗ್ ಮಾಮಾ ಹೇಳಿಕೊಂಡಿದ್ದರು.

ಇಲ್ಲಿ ಒಂದು ಸತ್ಯ ಮುಚ್ಚಿಡಬಾರದು. ಆ ಹಾಡು ಬರೆದದ್ದು ಬಿಗ್ ಮಾಮಾ ಅಲ್ಲ, ಲೀಬರ್ ಮತ್ತು ಸ್ಟೋಲರ್ ಅನ್ನೋ ಇಬ್ಬರು ಬಿಳಿ ಹುಡುಗರು. ರೆಕಾರ್ಡ್ ಕಂಪನಿಯ ಮಾಲೀಕ ಡಾನ್ ರೋಬಿ ಕಪ್ಪು ಮನುಷ್ಯ. ಹಾಗಾದರೆ ಅನ್ಯಾಯ ಎಲ್ಲಿ ಅಂತ ಕೇಳ್ತೀರಾ? ಅನ್ಯಾಯ ಅಲ್ಲೇ ಇದೆ. ಹಾಡಿನ ಕಾಗದ ಯಾರ ಹೆಸರಲ್ಲಿದೆಯೋ ದುಡ್ಡು ಅವರಿಗೆ. ದನಿ ಕೊಟ್ಟವಳಿಗೆ, ಆ ಹಾಡಿಗೆ ಗತ್ತು ಕೊಟ್ಟವಳಿಗೆ ಕೂಲಿ. ಆಮೇಲೆ 'ಬಾಲ್ ಅಂಡ್ ಚೈನ್' ಅನ್ನೋ ಹಾಡನ್ನ ಆಕೆಯೇ ಬರೆದರು. ಅದನ್ನ 1967ರ ಮಾಂಟೆರೆ ಉತ್ಸವದಲ್ಲಿ ಹಾಡಿ ಜಾನಿಸ್ ಜಾಪ್ಲಿನ್ ರಾತ್ರಿ ಬೆಳಗಾಗೋದರಲ್ಲಿ ತಾರೆಯಾದರು. ಆಗಲೂ ಕಾಗದದ ಮೇಲಿನ ಹಕ್ಕು ಕಂಪನಿ ಕೈಯಲ್ಲಿತ್ತು. ಬಿಗ್ ಮಾಮಾ 1984ರಲ್ಲಿ, 57ನೇ ವಯಸ್ಸಲ್ಲಿ, ಲಾಸ್ ಏಂಜಲೀಸಿನ ಒಂದು ಬಾಡಿಗೆ ರೂಮಲ್ಲಿ ಸತ್ತರು. ಹಾಲ್ ಆಫ್ ಫೇಮಿಗೆ ಜಾನಿಸ್ 1995ರಲ್ಲಿ ಸೇರಿದರು. ಬಿಗ್ ಮಾಮಾ 2024ರಲ್ಲಿ.

ಎಲ್ವಿಸ್‌ನ ಮೊದಲ ರೆಕಾರ್ಡ್ ಅಂದೆನಲ್ಲ, ಅದೂ ಹೀಗೇ. 'ದಟ್ಸ್ ಆಲ್ ರೈಟ್' ಅನ್ನೋದನ್ನ ಬರೆದು 1946ರಲ್ಲೇ ಹಾಡಿದ್ದು ಆರ್ಥರ್ ಕ್ರಡಪ್ ಅನ್ನೋ ಕಪ್ಪು ಮನುಷ್ಯ. ಅವರು ಕೂಲಿ ಕೆಲಸ ಮಾಡಿಕೊಂಡು ಹೊಟ್ಟೆ ಹೊರೆದು, ರಾಯಲ್ಟಿಗೆ ಬಡಿದಾಡಿ ಬಡಿದಾಡಿ 1974ರಲ್ಲಿ ಸತ್ತರು.

ಕಾಮೆಂಟಲ್ಲಿ ಬರೋ ಮಾತು ನನಗೆ ಈಗಲೇ ಕೇಳಿಸ್ತಿದೆ. "ಎಲ್ವಿಸ್ ಕಳ್ಳನಾ? ಅವನೂ ಬಡವರ ಮನೆಯವನೇ, ಅವನಿಗೆ ಕಪ್ಪು ಸಂಗೀತದ ಮೇಲೆ ನಿಜವಾದ ಪ್ರೀತಿ ಇತ್ತು." ಹೌದು ಸ್ವಾಮಿ, ಇತ್ತು. ಅವನು ಕಳ್ಳ ಅಂತ ನಾನು ಹೇಳ್ತಿಲ್ಲ. ಪ್ರೀತಿ ಇದ್ದರೆ ಸಾಕಾ? ನಮ್ಮ ಅಡುಗೆ ಮೇಲೆ, ನಮ್ಮ ಕುಣಿತದ ಮೇಲೆ, ನಮ್ಮ ಬಟ್ಟೆ ಮೇಲಿನ ಕಸೂತಿ ಮೇಲೆ ಎಷ್ಟೋ ಜನಕ್ಕೆ ಪ್ರೀತಿ ಇದೆ. ಬಾಡಿಗೆ ಮನೆ ಕೇಳೋಕೆ ಹೋದರೆ ಮಾತ್ರ "ನೀವು ಯಾವ ಜನ?" ಅಂತಾರೆ. ಒಬ್ಬ ಮನುಷ್ಯ ಒಳ್ಳೆಯವನಾ ಕೆಟ್ಟವನಾ ಅನ್ನೋದಲ್ಲ ಇಲ್ಲಿ ಲೆಕ್ಕ. ರೇಡಿಯೋ ಯಾರದು, ಪಟ್ಟಿ ಬರೆಯೋರು ಯಾರು, ಕರಾರು ಪತ್ರ ಯಾರ ಭಾಷೆಯಲ್ಲಿದೆ, ಗೇಟಲ್ಲಿ ನಿಂತವನಿಗೆ ಯಾರು ಆರ್ಡರ್ ಕೊಟ್ಟಿದ್ದಾರೆ, ಇದು ಲೆಕ್ಕ. ಬಾಬಾಸಾಹೇಬರು ನಮಗೆ ಕಲಿಸಿದ್ದೂ ಇದೇ ಅಲ್ವಾ? ಒಬ್ಬೊಬ್ಬ ಮನುಷ್ಯನ ಮೇಲೆ ಸಿಟ್ಟಾಗೋದಲ್ಲ, ವ್ಯವಸ್ಥೆಯ ಬುಡ ನೋಡೋದು.

ಈಗ ಕೆಜಿಎಫ್ ಹುಡುಗನಿಗೆ ಸರಿಯಾಗಿ ಹೊಂದುವ ಕಥೆ. ತಮ್ಮಾ, ಇದನ್ನ ಗಮನ ಕೊಟ್ಟು ಓದು.

ಡೆಟ್ರಾಯ್ಟ್ ಅಂದರೆ ಕಾರು ಕಾರ್ಖಾನೆಗಳ ಊರು. ಅಲ್ಲಿ ಹ್ಯಾಕ್ನಿ ಅನ್ನೋ ಮನೆತನದ ಮೂವರು ಕಪ್ಪು ಅಣ್ಣತಮ್ಮಂದಿರು. ಡೇವಿಡ್ ಗಿಟಾರ್, ಬಾಬಿ ಬೇಸ್ ಮತ್ತು ಹಾಡು, ಡ್ಯಾನಿಸ್ ಡ್ರಮ್ಸ್. ನಿಮ್ಮ ಹಾಗೇ ಮೂರೇ ಜನ. ಎಪ್ಪತ್ತರ ದಶಕದ ಮೊದಲಲ್ಲಿ ಮನೆಯಲ್ಲೇ ನುಡಿಸೋಕೆ ಶುರು ಮಾಡಿದರು. ಅಪಘಾತದಲ್ಲಿ ಅಪ್ಪ ಸತ್ತಮೇಲೆ ಡೇವಿಡ್ ತಂಡಕ್ಕೆ 'ಡೆತ್' ಅಂತ ಹೆಸರಿಟ್ಟ. ಸಾವನ್ನ ಹೆದರಿಕೆಯಾಗಿ ನೋಡಬೇಡಿ ಅನ್ನೋದು ಅವನ ಮಾತು. ಆ ಕಾಲಕ್ಕೆ ಡೆಟ್ರಾಯ್ಟಿನ ಕಪ್ಪು ಹುಡುಗರು ಅಂದರೆ ಮೋಟೌನ್ ಶೈಲಿಯ ಸೋಲ್ ಹಾಡಬೇಕು. ಇವರು ಗಿಟಾರನ್ನ ಕಿವಿ ಹರಿಯೋ ಹಾಗೆ, ಗಾಡಿ ಓಡಿಸಿದ ಹಾಗೆ ನುಡಿಸಿದರು. ಕೇರಿಯವರೇ "ಇದು ಬಿಳಿಯರ ಸಂಗೀತ, ನಿಮಗ್ಯಾಕೆ?" ಅಂದರು. ನೋಡಿ ತಮಾಷೆ. ರೊಸೆಟ್ಟಕ್ಕ ಹುಟ್ಟುಹಾಕಿದ್ದು ಮೂವತ್ತು ವರ್ಷದಲ್ಲಿ ಎಷ್ಟು ಪೂರ್ತಿಯಾಗಿ ಕೈಬದಲಾಯಿತು ಅಂದರೆ, ಕಪ್ಪು ಹುಡುಗರು ಅದನ್ನ ನುಡಿಸಿದರೆ ಕಪ್ಪು ಜನರಿಗೇ ಅದು ಬೇರೆಯವರದು ಅನಿಸಿತು.

1975ರಲ್ಲಿ ಅವರು 7 ಹಾಡು ರೆಕಾರ್ಡ್ ಮಾಡಿದರು. ದೊಡ್ಡ ರೆಕಾರ್ಡ್ ಕಂಪನಿಯ ಕ್ಲೈವ್ ಡೇವಿಸ್ ದುಡ್ಡು ಕೊಡೋಕೆ ತಯಾರಿದ್ದರು, ಒಂದೇ ಷರತ್ತು, ತಂಡದ ಹೆಸರು ಬದಲಾಯಿಸಿ. ಡೇವಿಡ್ ಆಗಲ್ಲ ಅಂದ. ದುಡ್ಡು ನಿಂತಿತು. 1976ರಲ್ಲಿ ತಾವೇ ಎರಡು ಹಾಡಿನ 500 ರೆಕಾರ್ಡ್ ಮಾಡಿಸಿದರು. ಯಾರೂ ನುಡಿಸಲಿಲ್ಲ. ತಂಡ ಮುಗೀತು. ಅದೇ 1976ರಲ್ಲಿ ನ್ಯೂಯಾರ್ಕಿನ ರಾಮೋನ್ಸ್ ತಂಡದ ಮೊದಲ ಆಲ್ಬಂ ಬಂತು, ಪಂಕ್ ರಾಕ್ ಹುಟ್ಟಿತು ಅಂತ ಪತ್ರಿಕೆಗಳು ಬರೆದವು. ಅದೇ ವೇಗದ, ಅದೇ ಸಿಟ್ಟಿನ ಹಾಡುಗಳು ಡೆಟ್ರಾಯ್ಟಿನಲ್ಲಿ ಒಂದು ವರ್ಷ ಮುಂಚೆಯೇ ಟೇಪಿನಲ್ಲಿ ಕೂತಿದ್ದವು.

ಡೇವಿಡ್ ಆ ಟೇಪುಗಳನ್ನ ತಮ್ಮ ಬಾಬಿಗೆ ಕೊಟ್ಟು, ಮುಂದೊಂದು ದಿನ ಜಗತ್ತು ಇದನ್ನ ಹುಡುಕಿಕೊಂಡು ಬರುತ್ತೆ, ಜೋಪಾನ ಅಂದಿದ್ದನಂತೆ. 2000ದಲ್ಲಿ ಶ್ವಾಸಕೋಶದ ಕ್ಯಾನ್ಸರಿನಿಂದ ಸತ್ತ. 2009ರಲ್ಲಿ ಡ್ರ್ಯಾಗ್ ಸಿಟಿ ಅನ್ನೋ ಕಂಪನಿ ಆ 7 ಹಾಡುಗಳನ್ನ ಹೊರತಂದಿತು. ಜಗತ್ತು ನಿಜವಾಗಲೂ ಹುಡುಕಿಕೊಂಡು ಬಂತು. ಬಾಬಿಯ ಸ್ವಂತ ಮಕ್ಕಳಿಗೇ ಅಪ್ಪ ಹೀಗೊಂದು ತಂಡ ಕಟ್ಟಿದ್ದು ಅಲ್ಲೀವರೆಗೂ ಗೊತ್ತಿರಲಿಲ್ಲ. 2012ರಲ್ಲಿ ಸಾಕ್ಷ್ಯಚಿತ್ರ ಬಂತು. ಗಿಟಾರ್ ನುಡಿಸಿದವನು ಮಾತ್ರ ಇರಲಿಲ್ಲ.

ಅರ್ಥ ಆಯ್ತಾ ತಮ್ಮಾ? ಮೊದಲು ನಿನ್ನದನ್ನ ತಗೋತಾರೆ. ಆಮೇಲೆ ಅದಕ್ಕೆ ಬೇಲಿ ಹಾಕ್ತಾರೆ. ಆಮೇಲೆ ನೀನು ಬಂದರೆ ಪಾಸ್ ಕೇಳ್ತಾರೆ. ಕೊಡೋಕೆ ಪಾಸಿಲ್ಲದಿದ್ದರೆ ಹಿಂದಿನ ಗೇಟು ತೋರಿಸಿ ಅದಕ್ಕೆ 'ರೂಟ್ಸ್' ಅಂತ ಹೆಸರಿಡ್ತಾರೆ.

ಇದು ಅಮೆರಿಕದ ಕಥೆ, ನಮಗ್ಯಾಕೆ ಅನ್ನೋರಿಗೆ ಎರಡು ಮಾತು. 1946ರಲ್ಲೇ ಬಾಬಾಸಾಹೇಬರು ಕಪ್ಪು ಜನರ ಚಿಂತಕ ಡುಬಾಯ್ಸ್ ಅವರಿಗೆ ಪತ್ರ ಬರೆದು, ನಿಮ್ಮ ಸ್ಥಿತಿಗೂ ನಮ್ಮ ಸ್ಥಿತಿಗೂ ಇರೋ ಹೋಲಿಕೆ ಎತ್ತಿ ಹೇಳಿದ್ದರು. 1972ರಲ್ಲಿ ಮುಂಬೈಯಲ್ಲಿ ದಲಿತ್ ಪ್ಯಾಂಥರ್ಸ್ ಹುಟ್ಟಿದಾಗ ಹೆಸರು ತಗೊಂಡದ್ದೇ ಬ್ಲ್ಯಾಕ್ ಪ್ಯಾಂಥರ್ಸ್‌ರಿಂದ. ಇದು ಹಳೇ ನೆಂಟಸ್ತಿಕೆ.

ನಮ್ಮ ಮನೆಯಂಗಳದಲ್ಲೇ ನೋಡಿ. ಮೃದಂಗಕ್ಕೆ ದನದ ಚರ್ಮ ಬೇಕು. ಅದನ್ನ ಹದ ಮಾಡಿ, ಮುಚ್ಚಿ, ಶ್ರುತಿಗೆ ತರೋರು ಬಹುಪಾಲು ದಲಿತರು. ಟಿ.ಎಂ. ಕೃಷ್ಣ ಆ ಕುಶಲಕರ್ಮಿಗಳ ಬಗ್ಗೆ 2020ರಲ್ಲಿ ಪುಸ್ತಕ ಬರೆದಾಗ, ಚೆನ್ನೈನ ಕಲಾಕ್ಷೇತ್ರ ಬಿಡುಗಡೆಗೆ ಕೊಟ್ಟಿದ್ದ ಸಭಾಂಗಣವನ್ನೇ ವಾಪಸ್ ತಗೊಂಡಿತು. ವಾದ್ಯ ಗರ್ಭಗುಡಿ ಪಕ್ಕ, ವಾದ್ಯ ಮಾಡಿದವರ ಹೆಸರು ಹಾಲ್ ಒಳಗೂ ಬರಬಾರದು.

2018ರ ಜನವರಿಯಲ್ಲಿ ಚೆನ್ನೈನಲ್ಲಿ ಪಾ. ರಂಜಿತ್ ಅವರ ನೀಲಂ ಸಂಸ್ಥೆಯ ಬೆಂಬಲದಿಂದ 'ದ ಕ್ಯಾಸ್ಟ್‌ಲೆಸ್ ಕಲೆಕ್ಟಿವ್' ಸ್ಟೇಜ್ ಹತ್ತಿತು. ಗಾನಾ, ಪರೈ, ರ‍್ಯಾಪು, ರಾಕ್ ಎಲ್ಲಾ ಒಂದೇ ಒಲೆ ಮೇಲೆ. ಆ ತಂಡದಿಂದ ಬಂದವರು ಅರಿವು. 2021ರಲ್ಲಿ 'ಎಂಜಾಯ್ ಎಂಜಾಮಿ' ಹಾಡು ದೇಶಾನ ಕುಣಿಸಿತು, ಬರೆದು ಹಾಡಿದವರು ಅರಿವು. ಅದೇ ವರ್ಷ ಆಗಸ್ಟಲ್ಲಿ ರೋಲಿಂಗ್ ಸ್ಟೋನ್ ಇಂಡಿಯಾ ಪತ್ರಿಕೆಯ ಮುಖಪುಟದಲ್ಲಿ ಆ ಹಾಡಿನ ಜೊತೆಗಾರ್ತಿ ಇದ್ದರು, ಅರಿವು ಬರೆದ ಇನ್ನೊಂದು ಹಾಡಿನ ಗಾಯಕರೂ ಇದ್ದರು, ಅರಿವು ಇರಲಿಲ್ಲ. ರಂಜಿತ್ ಬಹಿರಂಗವಾಗಿ ಪ್ರಶ್ನೆ ಮಾಡಿದರು, ಜನ ಗಲಾಟೆ ಮಾಡಿದರು, ಆಮೇಲೆ ಪತ್ರಿಕೆ ಅರಿವು ಅವರದ್ದು ಬೇರೆ ಡಿಜಿಟಲ್ ಮುಖಪುಟ ಮಾಡಿತು. ಗಲಾಟೆ ಮಾಡಿದ್ದಕ್ಕೆ ಅಷ್ಟಾದರೂ ಆಯಿತು. ಬಿಗ್ ಮಾಮಾಗೆ 1956ರಲ್ಲಿ ಗಲಾಟೆ ಮಾಡೋಕೆ ಯಾರಿದ್ದರು?

ಇಲ್ಲಿವರೆಗೂ ಲೈಕ್ ಒತ್ತಿದವರು ಇನ್ನು ಮುಂದೆ ಸ್ವಲ್ಪ ಗಟ್ಟಿ ಮನಸ್ಸು ಮಾಡಿ. ಬೇರೆಯವರನ್ನ ಬೈದಿದ್ದು ಸಾಕು, ನಮ್ಮನ್ನ ನಾವು ನೋಡ್ಕೊಳ್ಳೋಣ.

ಏಪ್ರಿಲ್ 14ಕ್ಕೆ ನಮ್ಮ ಕಡೆ ಮೆರವಣಿಗೆಗೆ ಡಿಜೆ ತರಿಸ್ತೀವಿ. ಹೋದ ಸಲ ನಾನೇ ಸಮಿತಿಯಲ್ಲಿದ್ದೆ, ಹಾಗಾಗಿ ನನ್ನ ತಪ್ಪು ಅಂತಲೇ ಹೇಳ್ತೀನಿ. ಡಿಜೆಗೆ ಅಡ್ವಾನ್ಸ್ ಕೊಟ್ಟು ಬುಕ್ ಮಾಡಿದೆವು. ತಮಟೆಯವರಿಗೆ "ನಮ್ಮವರೇ ಅಲ್ವಾ, ಆಮೇಲೆ ನೋಡೋಣ" ಅಂದೆವು. ಬೆಳಿಗ್ಗೆಯಿಂದ ಬಿಸಿಲಲ್ಲಿ ಬಡಿದ ಏಳು ಜನಕ್ಕೆ ರಾತ್ರಿ ತಲಾ ಐನೂರು ಕೊಡೋಕೆ ಮೂರು ಜನರ ಜೇಬು ಹುಡುಕಿದೆವು. ಪಾಂಪ್ಲೆಟ್ಟಲ್ಲಿ ಯಾರ ಯಾರ ಹೆಸರಿತ್ತು? ಎಮ್ಮೆಲ್ಲೆ, ಮಾಜಿ ಎಮ್ಮೆಲ್ಲೆ, ಟಿಕೆಟ್ ಆಕಾಂಕ್ಷಿ, ಕಂಟ್ರ್ಯಾಕ್ಟರ್, ನನ್ನದೂ ಸಣ್ಣ ಅಕ್ಷರದಲ್ಲಿ. ತಮಟೆಯವರ ಹೆಸರು ಒಂದೂ ಇರಲಿಲ್ಲ. ಬಿಲ್‌ಬೋರ್ಡನ್ನ ಬೈಯೋ ಹಕ್ಕು ನನಗೆಲ್ಲಿದೆ ಹೇಳಿ?

2023ರಲ್ಲಿ ಚಿಕ್ಕಬಳ್ಳಾಪುರ ಜಿಲ್ಲೆಯ ಪಿಂಡಿಪಾಪನಹಳ್ಳಿ ಮುನಿವೆಂಕಟಪ್ಪನವರಿಗೆ ತಮಟೆಗಾಗಿ ಪದ್ಮಶ್ರೀ ಬಂತು. ನಾವೆಲ್ಲ ಡಿಪಿ ಬದಲಾಯಿಸಿದೆವು, ಹೆಮ್ಮೆ ಪಟ್ಟೆವು. ಸರಿಯೇ. ಆದರೆ ದೆಹಲಿಯಿಂದ ಪದಕ ಬರೋವರೆಗೂ ನಮ್ಮಲ್ಲಿ ಎಷ್ಟು ಜನಕ್ಕೆ ಅವರ ಹೆಸರು ಗೊತ್ತಿತ್ತು?

ಹೆಣ್ಣುಮಕ್ಕಳ ವಿಷಯ ಇನ್ನೂ ಕಹಿ. ರೊಸೆಟ್ಟಕ್ಕ ನೈಟ್‌ಕ್ಲಬ್ಬಲ್ಲಿ ಹಾಡಿದಾಗ ಆಕೆಯ ಚರ್ಚಿನವರೇ ಮುಖ ತಿರುಗಿಸಿದರು. ನಮ್ಮಲ್ಲೂ ಧರಣಿಯ ಬೆಳಗಿನಿಂದ ಗಂಟಲು ಹರಿಯೋವರೆಗೂ ಹೋರಾಟದ ಹಾಡು ಹಾಡೋರು ಹೆಣ್ಣುಮಕ್ಕಳು. ಟಿವಿಯವರು ಬಂದ ಕೂಡಲೇ ಮೈಕು ಗಂಡಸರ ಕೈಗೆ. ತಮಟೆ ಕಲಿತೀನಿ ಅಂದ ಹುಡುಗಿಗೆ "ನಿನಗ್ಯಾಕಮ್ಮ, ಕುಣಿಯೋದು ಕಲಿ" ಅಂದಿದ್ದನ್ನ ನಾನೇ ಕೇಳಿದ್ದೀನಿ. ಅಂದವರು ಹಿರಿಯ ಹೋರಾಟಗಾರರು, ನಾನು ಗೌರವಿಸೋರು. ನಾನೂ ಸುಮ್ಮನಿದ್ದೆ.

ಹಾಗಾಗಿ ಬರೀ ಸಿಟ್ಟಿನ ಪೋಸ್ಟ್ ಹಾಕಿ ಮಲಗೋಕೆ ನನಗೆ ಮನಸ್ಸಿಲ್ಲ. ನಾಲ್ಕು ಕೆಲಸ ಹೇಳ್ತೀನಿ, ಮಾಡೋಣ.

1. ಮುಂದಿನ ಏಪ್ರಿಲ್ 14ರ ಪಾಂಪ್ಲೆಟ್ಟಲ್ಲಿ ಹಾಡೋರ, ಬಡಿಯೋರ, ನುಡಿಸೋರ ಹೆಸರು ಮೊದಲು. ಅತಿಥಿಗಳದ್ದು ಆಮೇಲೆ. ಜಾಗ ಸಾಲದಿದ್ದರೆ ಅತಿಥಿಗಳನ್ನ ಕಡಿಮೆ ಮಾಡಿ.

2. ಸಂಭಾವನೆ ಮುಂಚೆಯೇ ಮಾತಾಡಿ, ಸ್ಟೇಜ್ ಹತ್ತೋಕೆ ಮುಂಚೆ ಕೊಡಿ. "ನಮ್ಮವರೇ ಅಲ್ವಾ" ಅನ್ನೋ ಮಾತು ಇನ್ನು ಮೇಲೆ ನಿಷೇಧ.

3. ಹಾಡು ಕಟ್ಟೋ ಹುಡುಗರು, ಹುಡುಗಿಯರು ಕಾಗದದ ವಿಷಯ ಕಲೀಬೇಕು. ಹಾಡು ಬರೆದ ಕ್ಷಣದಿಂದ ಅದರ ಕಾಪಿರೈಟ್ ನಿಮ್ಮದು, ಯಾರ ಸಹಿಯೂ ಬೇಡ. ನಮ್ಮ ದೇಶದಲ್ಲಿ 2012ರ ತಿದ್ದುಪಡಿ ಆದ ಮೇಲೆ, ಹಾಡು ಬರೆದವರು ಮತ್ತು ಸಂಗೀತ ಕಟ್ಟಿದವರು ತಮ್ಮ ರಾಯಲ್ಟಿ ಪಾಲನ್ನ ಕಂಪನಿಗೆ ಬಿಟ್ಟುಕೊಟ್ಟೆ ಅಂತ ಬರೆದುಕೊಟ್ಟರೂ ಆ ಮಾತು ಕಾನೂನಿನಲ್ಲಿ ನಿಲ್ಲಲ್ಲ. ಕರಾರು ಪತ್ರ ಇಂಗ್ಲಿಷಲ್ಲಿದ್ದರೆ, ನಮ್ಮ ವಕೀಲ ಗೆಳೆಯರ ಹತ್ತಿರ ಓದಿಸದೆ ಸಹಿ ಹಾಕಬೇಡಿ. ವಕೀಲರೇ, ಇದಕ್ಕೆ ಫೀಸ್ ಕೇಳಬೇಡಿ. ಬಿಗ್ ಮಾಮಾಗೆ ಆ ದಿನ ಪಕ್ಕದಲ್ಲಿ ಒಬ್ಬ ವಕೀಲ ಇದ್ದಿದ್ದರೆ ಅಂತ ನೆನಪಿಸಿಕೊಳ್ಳಿ.

4. ಪ್ರತಿ ಕಾರ್ಯಕ್ರಮವನ್ನ ರೆಕಾರ್ಡ್ ಮಾಡಿ, ತಾರೀಖು ಹಾಕಿ, ಹೆಸರು ಬರೆದು ಇಡಿ. ಡೇವಿಡ್ ಟೇಪ್ ಇಟ್ಟಿದ್ದಕ್ಕೆ ಇವತ್ತು ಅವನ ತಂಡದ ಬಗ್ಗೆ ನಾನು ಬರೆಯೋಕಾಯ್ತು. ಟೇಪ್ ಉಳಿಯದ ಎಷ್ಟು ತಂಡಗಳಿದ್ದವೋ, ಅವರ ಬಗ್ಗೆ ಯಾರು ಬರೀತಾರೆ?

ಆ ಹುಡುಗನ ಗಿಟಾರ್ ಇನ್ನೂ ಅಂಗಡಿಯಲ್ಲೇ ಇದೆ, ವಿಚಾರಿಸಿದೆ. ನಾವು ಕೆಲವರು ಸೇರಿ ಬಿಡಿಸಿಕೊಡ್ತೀವಿ ಅಂದಾಗ ಅವನು ಒಪ್ಪಲಿಲ್ಲ. "ದುಡ್ಡು ಬೇಡ ಅಣ್ಣಾ. ಅದನ್ನ ನಾನೇ ಹೊಂದಿಸ್ತೀನಿ. ಸ್ಟೇಜ್ ಇದ್ದರೆ ಹೇಳಿ" ಅಂದ.

ಸ್ಟೇಜ್ ಇದೆ ತಮ್ಮಾ. ಮುಂದಿನ ಜಯಂತಿಗೆ ನಮ್ಮೂರಲ್ಲಿ ಡಿಜೆ ಇಲ್ಲ. ನಿನ್ನೆ ಸಮಿತಿಯಲ್ಲಿ ಎರಡು ಗಂಟೆ ಜಗಳ ಆಡಿ ಒಪ್ಪಿಸಿದ್ದೀನಿ, ಇಬ್ಬರು ನನ್ನ ಜೊತೆ ಮಾತು ಬಿಟ್ಟಿದ್ದಾರೆ. ಸಂಜೆ 7ರಿಂದ 8 ನಿಮ್ಮ ಮೂವರದು. ತಮಟೆ ಕಾಯಿಸೋಕೆ ಸ್ಟೇಜಿನ ಪಕ್ಕದಲ್ಲೇ ಬೆಂಕಿ ಹಾಕಿಸ್ತೀವಿ. ನೀವು ಮುಂದಿನ ಗೇಟಿಂದ ಬರ್ತೀರಿ. ಸ್ಪೀಕರ್ ಬಾಕ್ಸ್ ನಾನೇ ಹೊರ್ತೀನಿ, ಹಳೇ ಕೆಲಸ, ಮರೆತಿಲ್ಲ.

ಆ ತೀರ್ಪುಗಾರರು ಇದನ್ನ ಓದಿದರೆ ಅವರಿಗೂ ಆಹ್ವಾನ ಇದೆ. ಮುಂದಿನ ಸಾಲಲ್ಲೇ ಕುರ್ಚಿ ಹಾಕಿಸ್ತೀನಿ. ಬರೋಕೆ ಮುಂಚೆ ಆ ಮ್ಯಾಂಚೆಸ್ಟರ್ ವಿಡಿಯೋ ಒಂದ್ಸಲ ನೋಡ್ಕೊಂಡು ಬನ್ನಿ ಸಾರ್.

ನಿಮ್ಮ ಊರಲ್ಲಿ ಹೀಗೆ ಗಿಟಾರ್, ಡ್ರಮ್ಸ್, ತಮಟೆ ಹಿಡಿದು ಹೊಸದಾಗಿ ಏನಾದರೂ ಕಟ್ಟುತ್ತಿರೋ ನಮ್ಮ ಹುಡುಗ ಹುಡುಗಿಯರಿದ್ದರೆ, ಅವರ ಒಪ್ಪಿಗೆ ಕೇಳಿ ಕಾಮೆಂಟಲ್ಲಿ ತಿಳಿಸಿ. ಅವರು ಬದುಕಿರುವಾಗಲೇ ಹೆಸರು ಹೇಳೋಣ.

ಜೈಭೀಮ್.